ಐಸ್‌ಕ್ರೀಮಿನ ಕಂಪೂ ಕುಡುಗೋಲು ಕಣದ ರೋಗವೂ

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ತಾಲ್ಲೂಕುಗಳ ದಂಪತಿಗಳೇ,

ಐಸ್‌ಕ್ರೀಮು, ಬಿಸ್ಕತ್ತುಗಳಿಗೆ ಕಂಪನ್ನೀಯುವ ವೆನಿಲಾ ಎಸೆನ್ಸನ್ನು ನೀವು ಬಲ್ಲಿರಿ. ಅದರಲ್ಲಿರುವ ವೆನಿಲಿನ್ ಎಂಬ ಪದಾರ್ಥವು ಒಂದು ರಕ್ತರೋಗಕ್ಕೆ ಔಷಧವಾಗಬಲ್ಲುದೇ ಎಂದು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ.

ರೋಗ ಯಾವುದು?

ಆರೋಗ್ಯವಂತರ ಕೆಂಪು ರಕ್ತಕಣವು ದುಂಡಗೆ, ಮೃದುವಾಗಿರುತ್ತದೆ. ಸಿಕಲ್ ಸೆಲ್ ರೋಗದಲ್ಲಿ ಅದು ಆಮ್ಲಜನಕವನ್ನು ಬಿಟ್ಟುಕೊಟ್ಟಾಗ, ಭತ್ತ ಕೊಯ್ಯುವ ಕುಡುಗೋಲಿನಂತೆ ಬಾಗಿ ಗಡುಸಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಇದರಿಂದ ಎಲುಬು, ಕೀಲುಗಳಲ್ಲಿ ತೀವ್ರ ನೋವು, ಕಾಮಾಲೆ, ರಕ್ತಹೀನತೆ ಉಂಟಾಗುತ್ತವೆ. ನಮ್ಮ ದೇಶದಲ್ಲಿ ಇದನ್ನು 1952ರಲ್ಲಿ ನೀಲಗಿರಿಯಲ್ಲಿ ಗುರುತಿಸಲಾಯಿತು. ಕರ್ನಾಟಕದಲ್ಲಿ ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಗಿರಿಜನರಲ್ಲಿ ಇದು ಹೆಚ್ಚು. ಆದರೆ ಬೇರೆಯವರಲ್ಲಿಯೂ ಇರಬಹುದು.

ಪರೀಕ್ಷೆಯ ಫಲವೇನು?

ವೆನಿಲಿನ್ ರಕ್ತಕಣವು ಬಾಗುವುದನ್ನು ತಡೆಯಬಲ್ಲುದೆಂದು ಅಮೆರಿಕದ ವಿಜ್ಞಾನಿಗಳು 1991ರಲ್ಲಿ ಪ್ರಯೋಗಶಾಲೆಯಲ್ಲಿ ಕಂಡರು. ಆದರೆ ಬಾಯಿಂದ ಸೇವಿಸಿದ ವೆನಿಲಿನ್ ಜೀರ್ಣಾಂಗಗಳಲ್ಲಿಯೇ ಬೇಗ ಕೆಟ್ಟುಹೋಗುತ್ತದೆ. ರಕ್ತಕ್ಕೆ ಸಾಕಷ್ಟು ಸೇರುವುದಿಲ್ಲ. ಇದೇ ಬಗೆಯಲ್ಲಿ ಕೆಲಸ ಮಾಡುವ ವಾಕ್ಸೆಲೋಟಾರ್ ಗುಳಿಗೆಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ದೊರೆಯಿತು. ರೋಗಿಗಳಿಗೆ ಅಪಾಯದ ಸೂಚನೆಗಳು ಕಂಡುದರಿಂದ 2024ರಲ್ಲಿ ತಯಾರಕರೇ ಅದನ್ನು ಹಿಂತೆಗೆದುಕೊಂಡರು. ಆದುದರಿಂದ ಎಸೆನ್ಸನ್ನು ಔಷಧವೆಂದು ಮಕ್ಕಳಿಗೆ ಕುಡಿಸಬೇಡಿರಿ. ವೈದ್ಯರ ಸಲಹೆಯಂತೆ ಕೊಡುವ ಹೈಡ್ರಾಕ್ಸಿಯೂರಿಯಾ ಎಂಬ ಔಷಧವು ನೋವಿನ ಬಾಧೆಯನ್ನು ತಗ್ಗಿಸುತ್ತದೆ.

ದಂಪತಿಗಳು ಮಾಡಬೇಕಾದುದು

ಈ ರೋಗವು ಅಂಟುವುದಿಲ್ಲ. ತಂದೆ ತಾಯಿಯರಿಬ್ಬರಿಂದಲೂ ಬರುತ್ತದೆ. ರೋಗದ ಅಂಶವನ್ನು ಹೊತ್ತವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಕಾಣುವರು. ಪತಿಪತ್ನಿಯರಿಬ್ಬರೂ ಅಂಥವರಾದರೆ ಪ್ರತಿ ಬಸಿರಿನಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಒಂದು ಮಗುವಿಗೆ ಬಂದಿತು, ಇನ್ನು ಮೂರು ಮಕ್ಕಳು ಪಾರಾಗುವರೆಂದು ಎಣಿಸಬಾರದು. ಮಗುವಿಗೆ ರೋಗ ಬಂದಿತೆಂದು ಸೊಸೆಯನ್ನು ಹಳಿಯುವುದು ಅನ್ಯಾಯ.

ಈ ರೋಗದ ನಿರ್ಮೂಲನೆಗೆ ಭಾರತ ಸರ್ಕಾರವು 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿತು. ನಿಮ್ಮ ಮನೆತನದಲ್ಲಿ ಇಂಥ ನೋವು, ಕಾಮಾಲೆ ಮರುಕಳಿಸುತ್ತಿದ್ದರೆ, ಬಸಿರಿಗೆ ಮೊದಲೇ, ತಪ್ಪಿದರೆ ಬಸಿರಿನ ಆರಂಭದ ತಿಂಗಳುಗಳಲ್ಲಿ, ಇಬ್ಬರೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಂಡು ರಕ್ತಪರೀಕ್ಷೆಯ ಬಗ್ಗೆ ವಿಚಾರಿಸಿರಿ. ಪತ್ನಿಯೊಬ್ಬಳ ಪರೀಕ್ಷೆ ಸಾಲದು. ಪತಿಯೂ ಜೊತೆಗೆ ಹೋಗಬೇಕು.