ಮಾರಿದ ಬೆಲೆ ಬೇರೆ, ಕೈಗೆ ಬರುವ ಹಣ ಬೇರೆ

ನಮ್ಮ ಕಡೆಯ ಮಹಿಳಾ ಸ್ವಸಹಾಯ ಸಂಘಗಳು ಶೇಂಗಾ ಚಟ್ನಿಪುಡಿ, ಹಪ್ಪಳ, ಖಡಕ್ ರೊಟ್ಟಿಗಳನ್ನು ಆನ್‌ಲೈನ್ ಪೇಟೆಯಲ್ಲಿ ಮಾರತೊಡಗಿರುವುದು ಸಂತೋಷದ ಸಂಗತಿ. ಆದರೆ “ಮಾಲೆಲ್ಲ ಹೋಯಿತು, ದುಡ್ಡು ಉಳಿಯಲಿಲ್ಲ” ಎಂಬ ಮಾತೂ ಕೇಳಿಬರುತ್ತದೆ. ಇದೇಕೆಂದು ಒಂದು ಲೆಕ್ಕದಿಂದ ತಿಳಿಯೋಣ.

ಒಂದು ಕಿಲೋ ಚಟ್ನಿಪುಡಿಗೆ ಸಾಮಾನು 150 ರೂ., ಕೂಲಿ 40 ರೂ., ಪ್ಯಾಕಿಂಗ್ 15 ರೂ., ಒಟ್ಟು ಅಸಲು 205 ರೂ. ಎಂದಿಟ್ಟುಕೊಳ್ಳಿ. ಮಾರುವ ಬೆಲೆ 300 ರೂ. ಮೇಲುನೋಟಕ್ಕೆ 95 ರೂ. ಲಾಭ. ಇನ್ನು ಕಂಪನಿಯವರ ಕಡಿತ ನೋಡಿ:

ಕಮಿಷನ್, ನೂರಕ್ಕೆ 10ರಂತೆ: 30.00
ಪ್ರತಿ ಆರ್ಡರಿನ ನಿಗದಿ ಶುಲ್ಕ: 10.00
ಸಾಗಣೆ: 50.00
ಈ 90 ರೂ. ಮೇಲೆ ಶೇ. 18 ಜಿ.ಎಸ್.ಟಿ.: 16.20
ಒಟ್ಟು ಕಡಿತ: 106.20

ಕೈಗೆ ಬರುವುದು 193.80 ರೂ. ಅಂದರೆ ಕಿಲೋಗೆ 11.20 ರೂ. ನಷ್ಟ. ಹೆಚ್ಚು ಮಾರಿದಷ್ಟೂ ಹೆಚ್ಚು ನಷ್ಟ!

ಉಪಾಯವೇನು? ಅದೇ ದರದಲ್ಲಿ ಎರಡು ಕಿಲೋವನ್ನು ಒಂದೇ ಪೊಟ್ಟಣವಾಗಿ 600 ರೂ.ಗೆ ಮಾರಿರಿ. ಕಮಿಷನ್ 60, ನಿಗದಿ ಶುಲ್ಕ 10, ಸಾಗಣೆ 70, ತೆರಿಗೆ 25.20; ಕೈಗೆ 434.80 ರೂ. ಪ್ಯಾಕಿಂಗ್ 20 ರೂ. ಸೇರಿ ಅಸಲು 400. ಲಾಭ 34.80 ರೂ. ನಿಗದಿ ಶುಲ್ಕ, ಸಾಗಣೆಗಳು ತೂಕದಷ್ಟೇ ಏರದಿದ್ದರೆ ದೊಡ್ಡ ಪೊಟ್ಟಣವೇ ಮೇಲು. ಇಲ್ಲಿನ ದರಗಳು ಉದಾಹರಣೆಗೆ ಮಾತ್ರ. ನಿಮ್ಮ ಕಂಪನಿಯ ಶುಲ್ಕಪಟ್ಟಿಯನ್ನು ಓದಿಯೇ ಬೆಲೆ ಕಟ್ಟಿರಿ.

ಹಣ ಪಡೆಯುವ ರೀತಿ

1. ಮುಂಗಡ ಪಾವತಿಯಾದರೆ ಮಾಲು ಹಿಂದಿರುಗುವ ಭಯ ಕಡಿಮೆ.

2. ಮಾಲು ಮುಟ್ಟಿದಾಗ ನಗದು ಎಂದರೆ ಗಿರಾಕಿ ಬಾಗಿಲಲ್ಲೇ ಬೇಡವೆನ್ನಬಹುದು. ಹಿಂದಿರುಗುವ ಸಾಗಣೆ ಖರ್ಚು ಯಾರದೆಂದು ಮೊದಲೇ ಕೇಳಿರಿ.

3. ಪರಿಚಯದ ಗಿರಾಕಿಗಳಿಗೆ ನೇರವಾಗಿ ಮಾರಿ ಯು.ಪಿ.ಐ. ಮೂಲಕ ಹಣ ಪಡೆಯಿರಿ. ಬ್ಯಾಂಕ್ ಖಾತೆಯಿಂದ ಬರುವ ಯು.ಪಿ.ಐ. ಹಣದ ಮೇಲೆ ವ್ಯಾಪಾರಿಗೆ ಹಾಕುತ್ತಿದ್ದ ಶುಲ್ಕವನ್ನು 2020ರ ಜನವರಿಯಲ್ಲಿ ತೆಗೆಯಲಾಯಿತು.

ಎಚ್ಚರಿಕೆ: ಹಣ ಕೊಡುವಾಗ ಮಾತ್ರ ಪಿನ್ ಬೇಕು, ಪಡೆಯಲು ಬೇಡ. “ದುಡ್ಡು ಕಳಿಸಿದ್ದೇನೆ, ಪಿನ್ ಒತ್ತಿ” ಎಂದವನು ಮೋಸಗಾರನೆಂದೇ ತಿಳಿಯಿರಿ.

ಒಂದು ನೋಟುಬುಕ್ಕಿನಲ್ಲಿ ಆರ್ಡರ್ ಸಂಖ್ಯೆ, ಮಾರಿದ ಬೆಲೆ, ಕಡಿತ, ಖಾತೆಗೆ ಬಂದ ಹಣ, ತಾರೀಖು ಎಂದು ಐದು ಮನೆ ಗೀಚಿರಿ. ವಾರಕ್ಕೊಮ್ಮೆ ಪಾಸ್‌ಬುಕ್ಕಿನೊಡನೆ ತಾಳೆ ನೋಡಿರಿ. ಸಂಘದ ಸಭೆಯಲ್ಲಿ ಅದನ್ನು ಎಲ್ಲರಿಗೂ ಕೇಳುವಂತೆ ಓದಿರಿ. ದುಡಿಮೆ ಎಲ್ಲರದು, ಲೆಕ್ಕವೂ ಎಲ್ಲರಿಗೂ ತಿಳಿದಿರಲಿ.

ಅಭ್ಯಾಸ: ಮೇಲಿನ ಒಂದು ಕಿಲೋ ಪೊಟ್ಟಣವನ್ನು 340 ರೂ.ಗೆ ಮಾರಿದರೆ ಉಳಿಯುವುದೆಷ್ಟು? (ಉತ್ತರ: 24.08 ರೂ.)