ಹಾಲು ಕೆಡದ ಹಾಗೆ



ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕ ಯಲಹಂಕದಲ್ಲಿ ಬಸ್ಸು ಹತ್ತಿದರು. ಗೌರಿಬಿದನೂರಿನ ತವರಿಗೆ ಹೊರಟಿದ್ದರು. ಬೇಸಿಗೆ ಕಾಲ. ಎರಡು ವರ್ಷದ ಮಗು. ಚೀಲದಲ್ಲಿದ್ದ ಹಾಲು ದಾರಿಯಲ್ಲೇ ಒಡೆದು ಹೋಯ್ತು. ಮಗು ಹಸಿದು ಅತ್ತಿತು.

ಅದೇ ಬಿಸಿಲಲ್ಲಿ ಹಾಲಿನ ಟ್ಯಾಂಕರ್ ಲಾರಿ ಯಲಹಂಕದ ಮದರ್ ಡೇರಿಗೆ ಬರುತ್ತದೆ. ಆ ಹಾಲು ಯಾಕೆ ಕೆಡಲ್ಲ?

ಹಾಲನ್ನು ಮೊದಲೇ ಸುಮಾರು 4 ಡಿಗ್ರಿಗೆ ತಣಿಸಿರುತ್ತಾರೆ. ಟ್ಯಾಂಕಿಗೆ ಎರಡು ಗೋಡೆ. ನಡುವೆ ಶಾಖ ತಡೆಯುವ ವಸ್ತು. ಹೊರಗಿನ ಬಿಸಿ ಬೇಗ ಒಳಗೆ ಹೋಗದು.

ನಾವೂ ಹೀಗೇ ಮಾಡೋಣ.

1. ಹಾಲು ಕಾಯಿಸಿ, ಆರಿಸಿ. ಫ್ರಿಜ್ಜಿನಲ್ಲೋ ಐಸ್ ನೀರಲ್ಲೋ ಇಟ್ಟು ಚೆನ್ನಾಗಿ ತಣಿಸಿ.
2. ತೊಳೆದ ಫ್ಲಾಸ್ಕಿಗೆ ಹಾಕಿ. ಫ್ಲಾಸ್ಕು ಬಿಸಿಯನ್ನಷ್ಟೇ ಅಲ್ಲ, ತಂಪನ್ನೂ ಕಾಯುತ್ತದೆ. ಉಗುರು ಬೆಚ್ಚಗಿನ ಹಾಲು ಹಾಕಬೇಡಿ. ಬೇಗ ಕೆಡುತ್ತದೆ.
3. ನೀರಿನ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ. ಬಟ್ಟೆ ಆರುವಾಗ ನೀರು ತಂಪಾಗುತ್ತದೆ. ಮಡಕೆ ನೀರೂ ಹೀಗೇ ತಾನೇ?
4. ಚೀಲವನ್ನು ಬಿಸಿಲು ಬೀಳುವ ಕಡೆ ಇಡಬೇಡಿ.

ತಂಪು ಹೋಗಿ ಎರಡು ಗಂಟೆ ಆಯ್ತಾ? ವಾಸನೆ ಬರದಿದ್ದರೂ ಮಗುವಿಗೆ ಕೊಡಬೇಡಿ. ಸೆಖೆ ಜಾಸ್ತಿ ಇದ್ದರೆ ಒಂದೇ ಗಂಟೆ. ಹಾಲಿನ ದುಡ್ಡಿಗಿಂತ ಮಗುವಿನ ಆರೋಗ್ಯ ದೊಡ್ಡದು.

ಉತ್ತರ ಬರೆಯಿರಿ:
ಟ್ಯಾಂಕಿಗೆ ಎಷ್ಟು ಗೋಡೆ?
ಫ್ಲಾಸ್ಕಿಗೆ ಎಂಥ ಹಾಲು ಹಾಕಬೇಕು?