ಹದಿನೆಂಟು ತುಂಬಿದರೆ ಮಗನ ಚಿಕಿತ್ಸೆ ನಿಲ್ಲುತ್ತದೆಯೇ?

ಪ್ರಶ್ನೆ: ನಮ್ಮದು ದಾಂಡೇಲಿ. ಯಜಮಾನರಿಗೆ ಗುತ್ತಿಗೆ ಕೆಲಸ, ಇಎಸ್‌ಐ (ಕಾರ್ಮಿಕರ ವಿಮೆ) ಇದೆ. ಮಗನಿಗೆ ಸೆರೆಬ್ರಲ್ ಪಾಲ್ಸಿ, ಶಾಲೆಗೆ ಹೋಗಿಲ್ಲ. ಬರುವ ತಿಂಗಳು 18 ತುಂಬುತ್ತದೆ. ಆಮೇಲೆ ಕಾರ್ಡಿನಿಂದ ಅವನ ಹೆಸರು ತೆಗೆಯುತ್ತಾರಂತೆ. ಫಿಟ್ಸ್ ಮಾತ್ರೆಗೆ, ಫಿಜಿಯೋಥೆರಪಿಗೆ ಎಲ್ಲಿಗೆ ಹೋಗಲಿ? ಜೋಯಿಡಾದಲ್ಲಿ ನನ್ನ ತಂಗಿಯ ಮಗಳಿಗೂ ಇದೇ ತೊಂದರೆ. ಅವರು ಕೃಷಿಕರು.

ಉತ್ತರ: ತಾಯಿ, ಮೊದಲು ಆ ಭಯ ಬಿಡಿ. ವಯಸ್ಸಿನ ಮಿತಿ ಇರುವುದು ಉಳಿದ ಮಕ್ಕಳಿಗೆ. ದೈಹಿಕ ಅಥವಾ ಮಾನಸಿಕ ನ್ಯೂನತೆಯಿಂದ ತಂದೆಯ ದುಡಿಮೆಯನ್ನೇ ನಂಬಿರುವ ಮಗ, ಆ ನ್ಯೂನತೆ ಇರುವವರೆಗೂ ಇಎಸ್‌ಐ ಕಾನೂನಿನ ಪ್ರಕಾರ ಕುಟುಂಬದವನೇ. ಅಂಗವಿಕಲತೆಯ ಪ್ರಮಾಣಪತ್ರ ಹಿಡಿದು ಯಜಮಾನರನ್ನು ಈಗಲೇ ಇಎಸ್‌ಐ ಶಾಖಾ ಕಚೇರಿಗೆ ಕಳಿಸಿ, ಲಿಖಿತ ಅರ್ಜಿ ಕೊಡಿಸಿ. ಬಾಯಿಮಾತಿಗೆ ಒಪ್ಪಿ ವಾಪಸು ಬರಬೇಡಿ.

ಆದರೆ ಗುತ್ತಿಗೆ ಮುಗಿದರೆ ಇಎಸ್‌ಐಯೂ ಹೋಗುತ್ತದೆ. ಅದಕ್ಕೇ ಮಗನ ಹೆಸರಿನಲ್ಲೇ 'ನಿರಾಮಯ' ಮಾಡಿಸಿ ಎನ್ನುತ್ತೇನೆ. ಇದು ಕೇಂದ್ರದ ನ್ಯಾಷನಲ್ ಟ್ರಸ್ಟ್ ನಡೆಸುವ ವಿಮೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ವಯಸ್ಸಿನ ಮಿತಿಯಿಲ್ಲ, ಮುಂಚಿತ ವೈದ್ಯಕೀಯ ತಪಾಸಣೆಯೂ ಇಲ್ಲ. ಹೊರರೋಗಿ ಚಿಕಿತ್ಸೆ, ಔಷಧ, ಥೆರಪಿಗೂ ಹಣ ಬರುತ್ತದೆ. ನಿಮ್ಮ ಮಗನಿಗೆ ದಿನನಿತ್ಯ ಬೇಕಿರುವುದು ಇದೇ ಅಲ್ಲವೇ? ಖರ್ಚು ಮೊದಲು ನೀವು ಮಾಡಿ ಆಮೇಲೆ ಪಡೆಯಬೇಕು, ಹಾಗಾಗಿ ಒಂದೊಂದು ಬಿಲ್ಲನ್ನೂ ಜೋಪಾನವಾಗಿಡಿ. ಪಾಲಿಸಿ ಮಾರ್ಚ್ 31ಕ್ಕೆ ಮುಗಿಯುತ್ತದೆ, ನವೀಕರಣ ತಪ್ಪಿಸಬೇಡಿ.

ತಂಗಿಯ ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ, ತುರ್ತು ಇಲ್ಲದಾಗ, ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಈ ಯೋಜನೆಯಲ್ಲಿ ಆಸ್ಪತ್ರೆಗೆ ದಾಖಲಾದವರ ಖರ್ಚು ತೀರುತ್ತದೆ, ಮನೆಯಲ್ಲಿ ನುಂಗುವ ಮಾತ್ರೆಯದಲ್ಲ. ಆದ್ದರಿಂದ ಆ ಹುಡುಗಿಗೂ ನಿರಾಮಯ ಬೇಕೇ ಬೇಕು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇನ್ನೂ ಆಗಿಲ್ಲದಿದ್ದರೆ ಅವರ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಲಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಬೇಕು. 18 ತುಂಬಿದ ಮೇಲೆ ಕಾನೂನಿನ ಕಣ್ಣಿಗೆ ಅವನು ವಯಸ್ಕ. ತನ್ನ ವ್ಯವಹಾರ ತಾನೇ ನೋಡಿಕೊಳ್ಳಲಾರನಾದರೆ, ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿರುವ ನ್ಯಾಷನಲ್ ಟ್ರಸ್ಟ್‌ನ ಸ್ಥಳೀಯ ಸಮಿತಿಗೆ ಕಾನೂನುಬದ್ಧ ಪಾಲಕತ್ವ ಕೋರಿ ಕಾರವಾರದಲ್ಲಿ ಅರ್ಜಿ ಹಾಕಿ.